ಹಗ್ಗ ಕಲ್ಲನ್ನು ಮುಟ್ಟಬಾರದು: ಲಂಬ ಗುಹೆಗಳಿಗೆ ಇಳಿದು ಹತ್ತುವ ವಿದ್ಯೆ

ಅರಸೀಕೆರೆ, ಕಡೂರು, ಬೀರೂರಿನ ಕಡೆಯ ಹಳೆಯ ಸೇದುವ ಬಾವಿಗಳ ಕಟ್ಟೆಯ ಮೇಲೆ ಕೈಯಾಡಿಸಿದರೆ ಬೆರಳು ಹುದುಗುವಷ್ಟು ಆಳದ ಗೀರುಗಳು ಸಿಗುತ್ತವೆ. ತಲೆಮಾರುಗಳ ಕಾಲ ನೀರು ಸೇದಿದ ಹಗ್ಗ ಹಾದು ಹಾದು ಕಲ್ಲನ್ನು ಸವೆಸಿದ ಗುರುತುಗಳವು. ಪಾತಾಳದಂಥ ಗುಹೆಗಳಿಗೆ ಹಗ್ಗ ಕಟ್ಟಿ ಇಳಿಯುವವರ ಲೋಕದಲ್ಲಿ ಈ ಲೆಕ್ಕ ತಿರುವುಮುರುವಾಗುತ್ತದೆ. ಅಲ್ಲಿ ಕಲ್ಲು ಹಗ್ಗವನ್ನು ಸವೆಸುತ್ತದೆ, ಅದಕ್ಕೆ ಒಬ್ಬ ಮನುಷ್ಯ ಹತ್ತಿ ಮೇಲೆ ಬರುವಷ್ಟು ಹೊತ್ತು ಸಾಕು. ಎಂಬತ್ತು ಕಿಲೋ ತೂಕ ಹೊತ್ತು ಬಿಗಿದು ನಿಂತ ನೈಲಾನ್ ಹಗ್ಗವು ಹತ್ತುವವನ ಪ್ರತಿ ಹೆಜ್ಜೆಗೂ ಒಂದಿಷ್ಟು ಹಿಗ್ಗಿ ಒಂದಿಷ್ಟು ಕುಗ್ಗುತ್ತದೆ. ಆಗ ಅದು ಯಾವುದಾದರೂ ಕಲ್ಲಿನ ಅಂಚಿಗೆ ತಾಗಿದ್ದರೆ, ಅದೇ ಜಾಗದ ಮೇಲೆ ಮತ್ತೆ ಮತ್ತೆ ಗರಗಸ ಎಳೆದಂತಾಗುತ್ತದೆ. ಲಂಬ ಗುಹೆಗಳ ಅನ್ವೇಷಣೆಯಲ್ಲಿ ಬಳಕೆಯಾಗುವ ಸಲಕರಣೆ, ಗಂಟು, ಕ್ರಮಗಳನ್ನು ಮೊದಲ ಸಲ ನೋಡಿದವರಿಗೆ ಎಲ್ಲವೂ ಗೋಜಲಾಗಿ ಕಾಣುತ್ತದೆ. ಆದರೆ ಅವುಗಳಲ್ಲಿ ಬಹುಪಾಲು ಹಗ್ಗ ಕಲ್ಲನ್ನು ಮುಟ್ಟದಂತೆ ನೋಡಿಕೊಳ್ಳುವ ಒಂದೇ ಕಾಳಜಿಯಿಂದ ಹುಟ್ಟಿದವು ಎಂದು ತಿಳಿದರೆ, ಉಳಿದದ್ದು ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ.

ಚಿಕ್ಕಮಗಳೂರಿನವರಿಗೆ ಗುಹೆ ಎಂದೊಡನೆ ಮುಳ್ಳಯ್ಯನಗಿರಿಯ ಅಥವಾ ಬಾಬಾಬುಡನ್‌ಗಿರಿಯ ಗುಹೆಗಳು ನೆನಪಾಗುತ್ತವೆ. ಅವು ತಲೆ ತಗ್ಗಿಸಿ ನಡೆದು ಒಳಹೋಗುವಂಥವು. ಹಗ್ಗದ ಮಾತೇ ಅಲ್ಲಿಲ್ಲ. ನಮ್ಮ ಗಿರಿಗಳಲ್ಲಿ ನೂರಾರು ಮೀಟರ್ ನೇರ ಕೆಳಗಿಳಿಯುವ ಗುಹೆಗಳಿಲ್ಲದಿರುವುದಕ್ಕೆ ಕಾರಣ ಇಲ್ಲಿನ ಶಿಲೆ. ಬಾಬಾಬುಡನ್ ಶ್ರೇಣಿಯು ಭೂವಿಜ್ಞಾನಿಗಳು ಧಾರವಾಡ ಶಿಲಾವರ್ಗಕ್ಕೆ ಸೇರಿಸುವ, ಕಬ್ಬಿಣದ ಅದಿರಿನ ಪಟ್ಟೆಗಳುಳ್ಳ ಅತಿ ಪ್ರಾಚೀನ ಶಿಲೆಗಳಿಂದಾದದ್ದು. ಹಾಸನದ ಬಹುಭಾಗದಲ್ಲಿ ನೆಲದಡಿ ಇರುವುದು ನೈಸ್ ಮತ್ತು ಗ್ರಾನೈಟ್. ಎಷ್ಟೇ ಮಳೆ ಸುರಿದರೂ ಇವು ನೀರಿನಲ್ಲಿ ಕರಗುವುದಿಲ್ಲ. ಸುಣ್ಣದಕಲ್ಲು ಹಾಗಲ್ಲ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲವಾದ ಆಮ್ಲವಾಗುತ್ತದೆ, ಸುಣ್ಣದಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತ ಅದನ್ನು ಕರಗಿಸುತ್ತದೆ, ಲಕ್ಷಾಂತರ ವರ್ಷಗಳಲ್ಲಿ ಕೂದಲೆಳೆಯಷ್ಟಿದ್ದ ಬಿರುಕು ಬಾವಿಯಷ್ಟು ಅಗಲವಾಗುತ್ತದೆ. ಎತ್ತರದ ಪರ್ವತವೇ ಸುಣ್ಣದಕಲ್ಲಿನದಾಗಿದ್ದರೆ, ನೀರು ಶಿಖರದ ಬಳಿ ಒಳಹೊಕ್ಕು ತಪ್ಪಲಿನಲ್ಲೆಲ್ಲೋ ಬುಗ್ಗೆಯಾಗಿ ಹೊರಬರುವವರೆಗಿನ ಅಷ್ಟೂ ಎತ್ತರ ಗುಹೆಯ ಆಳವಾಗಬಲ್ಲದು. ನಮ್ಮ ದೇಶದಲ್ಲಿ ಇಂಥ ಶಿಲೆಯೂ ಹೇರಳ ಮಳೆಯೂ ಕೂಡಿಬಂದಿರುವ ಜಾಗ ಮೇಘಾಲಯ. ಖಾಸಿ ಭಾಷೆಯಲ್ಲಿ ಗುಹೆಗೆ ಕ್ರೆಮ್ ಎನ್ನುತ್ತಾರೆ. ಕ್ರೆಮ್ ಲಿಯಾಟ್ ಪ್ರಾ 30 ಕಿಲೋಮೀಟರಿಗೂ ಹೆಚ್ಚು ಉದ್ದವಿದೆ.

ಆಳದ ದಾಖಲೆ ಇರುವುದು ಕಪ್ಪು ಸಮುದ್ರದ ದಂಡೆಯ ಅಬ್ಖಾಜಿಯಾದಲ್ಲಿ. ಅಲ್ಲಿನ ಅರಾಬಿಕಾ ಪರ್ವತದ ಕ್ರುಬೇರಾ ಗುಹೆಯಲ್ಲಿ 2004ರಲ್ಲಿ ಉಕ್ರೇನಿನ ತಂಡವೊಂದು ಮೊದಲ ಬಾರಿಗೆ 2,000 ಮೀಟರ್ ಆಳವನ್ನು ದಾಟಿತು. ಅದೇ ಪರ್ವತದ ವೆರ್ಯೋವ್ಕಿನಾ ಗುಹೆಯ ಬಾಯಿ ಪತ್ತೆಯಾದದ್ದು 1968ರಲ್ಲಿ. ಅದು 2,200 ಮೀಟರಿಗೂ ಹೆಚ್ಚು ಆಳವಿದೆಯೆಂದು ರಷ್ಯಾದ ತಂಡಗಳು ಅಳೆದು ತೋರಿಸುವ ಹೊತ್ತಿಗೆ ಐವತ್ತು ವರ್ಷ ಕಳೆದಿತ್ತು. ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್ ಎತ್ತರವಿರುವ ಮುಳ್ಳಯ್ಯನಗಿರಿಯನ್ನು ಬುಡಸಮೇತ ಎತ್ತಿ ಆ ಗುಹೆಯ ತಳದಲ್ಲಿಟ್ಟರೆ, ಶಿಖರದ ಮೇಲೆ ನಿಂತವನಿಗೂ ಗುಹೆಯ ಬಾಯಿ ಇನ್ನೂ ಇನ್ನೂರೈವತ್ತು ಮೀಟರಿಗಿಂತ ಮೇಲೆ ಇರುತ್ತದೆ. ಕೋಲಾರದ ಚಾಂಪಿಯನ್ ರೀಫ್ ಗಣಿ ಇದಕ್ಕಿಂತಲೂ ಆಳ, ಮೂರು ಕಿಲೋಮೀಟರಿಗೂ ಮಿಗಿಲು. ಆದರೆ ಅದು ಮನುಷ್ಯ ತೋಡಿದ್ದು, ಕಾರ್ಮಿಕರು ಕಬ್ಬಿಣದ ತೊಟ್ಟಿಯಲ್ಲಿ ನಿಂತು ಯಂತ್ರದ ಬಲದಿಂದ ಇಳಿದು ಏರುತ್ತಿದ್ದರು. ಗುಹೆಯಲ್ಲಿ ಯಂತ್ರವಿಲ್ಲ.

ಇಂಥ ಗುಹೆ ಒಂದೇ ಕೊಳವೆಯಾಗಿರುವುದು ಅಪರೂಪ. ಸಾಮಾನ್ಯವಾಗಿ ಒಂದು ನೇರ ಇಳಿತ, ಅದರ ತಳದಲ್ಲಿ ತೆವಳಿ ಸಾಗುವ ಇಕ್ಕಟ್ಟಿನ ಓಣಿ, ಮತ್ತೆ ಇನ್ನೊಂದು ಇಳಿತ, ಹೀಗೆ ಸಾಗುತ್ತದೆ. ಫ್ರೆಂಚರು ತಮ್ಮ ಗುಹಾನಕ್ಷೆಗಳಲ್ಲಿ ಪ್ರತಿ ಇಳಿತವನ್ನೂ ‘ಪಿ’ ಅಕ್ಷರ ಮತ್ತು ಆಳದ ಅಂಕಿಯಿಂದ ಗುರುತಿಸುತ್ತಾರೆ. ಆ ‘ಪಿ’ ನಿಂತಿರುವುದು ಬಾವಿ ಎಂಬರ್ಥದ ಅವರ ಪದಕ್ಕೆ. ಕನ್ನಡದಲ್ಲೂ ಇದನ್ನು ಬಾವಿ ಎಂದೇ ಕರೆಯಲು ಅಡ್ಡಿಯಿಲ್ಲ, ಈ ಬರಹದಲ್ಲಿ ಹಾಗೆಯೇ ಕರೆದಿದ್ದೇನೆ. ಬಾವಿಯೊಂದೇ ಬೃಹತ್ತಾಗಿರುವ ಗುಹೆಗಳೂ ಇವೆ. ಮೆಕ್ಸಿಕೋದ ಗೊಲೊಂಡ್ರಿನಾಸ್ ಬಾವಿಯಲ್ಲಿ ಬಾಯಿಯ ತಗ್ಗಿನ ಅಂಚಿನಿಂದಲೇ ಕೆಳಕ್ಕೆ 333 ಮೀಟರ್ ತಡೆಯಿಲ್ಲದ ಇಳಿತವಿದೆ. ಜೋಗದ 253 ಮೀಟರ್ ಅದರೊಳಗೆ ಸುಲಭವಾಗಿ ಅಡಗುತ್ತದೆ. ಶ್ರವಣಬೆಳಗೊಳದ 57 ಅಡಿಯ ಗೊಮ್ಮಟನ ಮೇಲೆ ಗೊಮ್ಮಟನನ್ನು ನಿಲ್ಲಿಸುತ್ತಾ ಹೋದರೆ ಹತ್ತೊಂಬತ್ತು ಮೂರ್ತಿಗಳು ಬೇಕಾಗುತ್ತವೆ.

ಹಿಂದಿನವರು ಇಂಥಲ್ಲಿಗೆ ಇಳಿದದ್ದು ಏಣಿಯಿಂದ. ಫ್ರಾನ್ಸಿನ ಎದುವಾರ್ ಆಲ್ಫ್ರೆಡ್ ಮಾರ್ತೆಲ್ 1889ರಲ್ಲಿ ಪಾದಿರಾಕ್ ಬಾವಿಗೂ 1895ರಲ್ಲಿ ಇಂಗ್ಲೆಂಡಿನ ಗೇಪಿಂಗ್ ಗಿಲ್‌ಗೂ ಹಗ್ಗದ ಏಣಿ ಇಳಿಬಿಟ್ಟು ಇಳಿದರು. ಮುಂದೆ ತಂತಿ ಮತ್ತು ಅಲ್ಯುಮಿನಿಯಂ ಮೆಟ್ಟಿಲಿನ ಹಗುರ ಏಣಿಗಳು ಬಂದವು. ರಾಟೆಯಂಥ ಯಂತ್ರದಲ್ಲಿ ಉಕ್ಕಿನ ತಂತಿ ಸುತ್ತಿ ಬಾವಿಗೆ ಕೊಡ ಇಳಿಸಿದಂತೆ ಮನುಷ್ಯನನ್ನೇ ಇಳಿಸುವ ಪ್ರಯತ್ನವೂ ನಡೆಯಿತು. 1952ರಲ್ಲಿ ಪಿರನೀಸ್ ಪರ್ವತಗಳ ಪಿಯೆರ್ ಸೇಂಟ್ ಮಾರ್ಟಿನ್ ಗುಹೆಯಿಂದ ಹಾಗೆ ಮೇಲೇರುತ್ತಿದ್ದ ಮಾರ್ಸೆಲ್ ಲೂಬೆನ್ಸ್ ತಂತಿಯ ಕೊಂಡಿ ಕಳಚಿ ಬಿದ್ದು ಸತ್ತರು. ಹಗ್ಗವನ್ನೇ ಹಿಡಿದು ಹತ್ತುವ ದಾರಿಗೆ ತಳಹದಿ ಬೇರೆ ಕಡೆ ಸಿದ್ಧವಾಗಿತ್ತು. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಒಂದು ಗಂಟನ್ನು ಪ್ರಕಟಿಸಿದರು: ತೆಳು ಹುರಿಯನ್ನು ದಪ್ಪ ಹಗ್ಗಕ್ಕೆ ಸುತ್ತಿ ಕಟ್ಟುವ ಈ ಗಂಟು, ಭಾರವಿಲ್ಲದಿದ್ದಾಗ ಹಗ್ಗದ ಮೇಲೆ ಸಲೀಸಾಗಿ ಜಾರುತ್ತದೆ, ಭಾರ ಬಿದ್ದೊಡನೆ ಕಚ್ಚಿಕೊಳ್ಳುತ್ತದೆ. ಜೀರುಗುಣಿಕೆಯ ಸ್ವಭಾವ ಬಲ್ಲವರಿಗೆ ಇದರ ಮರ್ಮ ಹೊಳೆದೀತು. 1958ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜುಮಾರ್ ಎಂಬ, ಹಗ್ಗವನ್ನು ಕಚ್ಚಿ ಹಿಡಿಯುವ ಹಲ್ಲಿರುವ ಲೋಹದ ಸಾಧನ ಬಂದು ಗಂಟಿನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿತು. ನಂತರದ ಎರಡು ದಶಕಗಳಲ್ಲಿ ಏಣಿ ಮೂಲೆ ಸೇರಿ, ಸಿಂಗಲ್ ರೋಪ್ ಟೆಕ್ನಿಕ್, ಅಂದರೆ ಒಂಟಿ ಹಗ್ಗದ ವಿಧಾನ, ಎಲ್ಲೆಡೆ ರೂಢಿಯಾಯಿತು.

ನಮ್ಮ ಜಿಲ್ಲೆಯ ಹೋಂಸ್ಟೇಗಳ ಬಳಿ ಬಂಡೆಯಿಂದ ರ‍್ಯಾಪ್ಲಿಂಗ್ ಮಾಡಿದವರು, ‘ಇದು ನಮಗೆ ಗೊತ್ತಿರುವುದೇ’ ಎಂದುಕೊಳ್ಳುವ ಸಾಧ್ಯತೆ ಇದೆ. ಎರಡಕ್ಕೂ ಅಜಗಜಾಂತರ. ಬಂಡೆಯಲ್ಲಿ ಇಳಿದವನು ಕೆಳಗೆ ಹಗ್ಗ ಬಿಚ್ಚಿ, ಕಾಲುದಾರಿ ಹಿಡಿದು ಕಾಫಿ ಕುಡಿಯಲು ಹೊರಡುತ್ತಾನೆ. ಗುಹೆಯಲ್ಲಿ ಇಳಿದವನಿಗೆ ಮನೆಗೆ ಹೋಗುವ ದಾರಿ ಅದೇ ಹಗ್ಗ. ಅಲ್ಲಿ ಇಳಿಯುವ ಮುಂಚೆ ಕೇಳಿಕೊಳ್ಳಬೇಕಾದದ್ದು, ಇದೇ ಹಗ್ಗವನ್ನು ದಣಿದ, ನೆನೆದ, ನಡುಗುವ ಮೈಯಿಂದ ಹತ್ತಬಲ್ಲೆನೇ ಎಂದು.

ಇಳಿಯುವ ಸಾಧನ ಡಿಸೆಂಡರ್. ಸೊಂಟ ತೊಡೆಗಳನ್ನು ಬಿಗಿದಿರುವ ಹಾರ್ನೆಸ್‌ನ ಮುಂಭಾಗಕ್ಕೆ ಇದನ್ನು ಸಿಕ್ಕಿಸಿರುತ್ತಾರೆ. ಒಳಗಿರುವ ಎರಡು ಲೋಹದ ಗುಂಡಿಗಳ ನಡುವೆ ಹಗ್ಗ ಅಂಕುಡೊಂಕಾಗಿ ಹಾದುಹೋಗುವುದರಿಂದ ಘರ್ಷಣೆ ಹುಟ್ಟುತ್ತದೆ. ಕೆಳಗಿನ ಹಗ್ಗವನ್ನು ಬಲಗೈ ಬಿಗಿ ಹಿಡಿದರೆ ನಿಲ್ಲುತ್ತೀರಿ, ಸಡಿಲಿಸಿದರೆ ಇಳಿಯುತ್ತೀರಿ. ಇಷ್ಟು ಸರಳ. ಆದರೆ ಉದ್ದನೆಯ ಬಾವಿಯಲ್ಲಿ ಒಂದು ವಿಚಿತ್ರ ಎದುರಾಗುತ್ತದೆ. ಹತ್ತು ಮಿಲಿಮೀಟರ್ ದಪ್ಪದ ಹಗ್ಗ ಮೀಟರಿಗೆ ಸುಮಾರು 65 ಗ್ರಾಂ ತೂಗುತ್ತದೆ. 333 ಮೀಟರಿಗೆ ಇಪ್ಪತ್ತು ಕಿಲೋಗೂ ಹೆಚ್ಚು. ಬಾಯಂಚಿನಲ್ಲಿರುವಾಗ ಈ ತೂಕವೆಲ್ಲ ಡಿಸೆಂಡರಿನ ಕೆಳಗೆ ಜೋತಾಡುತ್ತ ತಾನೇ ಬ್ರೇಕಿನಂತೆ ಕೆಲಸ ಮಾಡುವುದರಿಂದ, ಇಳಿಯಬೇಕೆಂದರೂ ಮೈ ಇಳಿಯುವುದಿಲ್ಲ, ಹಗ್ಗವನ್ನು ಕೈಯಿಂದ ಎತ್ತೆತ್ತಿ ಸಾಧನದೊಳಗೆ ತೂರಿಸಬೇಕಾಗುತ್ತದೆ. ತಳ ಸಮೀಪಿಸಿದಂತೆ ಕೆಳಗಿನ ಹಗ್ಗ ಕಡಿಮೆಯಾಗಿ ಬ್ರೇಕ್ ಕರಗುತ್ತಾ ಬರುತ್ತದೆ, ವೇಗ ತಾನಾಗಿ ಏರುತ್ತದೆ. ಇದಕ್ಕಾಗಿಯೇ ದೊಡ್ಡ ಬಾವಿಗಳಲ್ಲಿ, ಅಡ್ಡಪಟ್ಟಿಗಳನ್ನು ಸೇರಿಸುತ್ತಲೋ ತೆಗೆಯುತ್ತಲೋ ಘರ್ಷಣೆಯನ್ನು ಹೊಂದಿಸಬಲ್ಲ ಉದ್ದನೆಯ ಡಿಸೆಂಡರ್ ಬಳಸುತ್ತಾರೆ. ಅವಸರಪಟ್ಟು ಸರ್ರನೆ ಇಳಿದರೆ ಘರ್ಷಣೆಯ ಶಾಖಕ್ಕೆ ಲೋಹ ಕಾದು, ಅದು ನಿಂತ ಜಾಗದಲ್ಲಿ ನೈಲಾನಿನ ಹೊದಿಕೆ ಮೆತ್ತಗಾಗಬಹುದು.

ಇಳಿಬಿಟ್ಟ ಹಗ್ಗದ ಕೊನೆಗೆ ಒಂದು ದೊಡ್ಡ ಗಂಟು ಹಾಕಿರಬೇಕು. ಬಾವಿ ಅಂದುಕೊಂಡದ್ದಕ್ಕಿಂತ ಆಳವಾಗಿದ್ದು ಹಗ್ಗ ತಳ ಮುಟ್ಟದಿದ್ದರೆ, ಕತ್ತಲಲ್ಲಿ ಇಳಿಯುತ್ತಿರುವವನು ಹಗ್ಗದ ತುದಿಯಿಂದಲೇ ಜಾರಿ ಹೋಗದಂತೆ ಡಿಸೆಂಡರನ್ನು ತಡೆಯುವುದು ಆ ಗಂಟು. ಕಟ್ಟಲು ಅರ್ಧ ನಿಮಿಷ ಸಾಕಾಗುವ ಆ ಗಂಟನ್ನು ಮರೆತು ಜೀವ ಕಳೆದುಕೊಂಡವರಿದ್ದಾರೆ.

ಹತ್ತುವ ಬಗೆಯನ್ನು ಮಲೆನಾಡಿನವರಿಗೆ ವಿವರಿಸುವುದು ಸುಲಭ. ಕೊಪ್ಪ, ಶೃಂಗೇರಿಯ ತೋಟಗಳಲ್ಲಿ ಅಡಕೆ ಕೊನೆ ತೆಗೆಯುವವರು ಪಾದಗಳಿಗೆ ತಳೆ ಹಾಕಿಕೊಂಡು ಮರವೇರುವುದನ್ನು ನೋಡಿದ್ದೀರಷ್ಟೆ: ಕೈಯಿಂದ ಮರವನ್ನು ತಬ್ಬಿ, ಮಂಡಿ ಮಡಿಸಿ ಕಾಲುಗಳನ್ನು ಮೇಲೆಳೆದುಕೊಂಡು, ತಳೆಯನ್ನು ಮರಕ್ಕೆ ಒತ್ತಿ, ಮೈಯನ್ನು ನೆಟ್ಟಗೆ ಮಾಡುತ್ತಾರೆ. ಹಗ್ಗದಲ್ಲೂ ನಡೆಯುವುದು ಇದೇ. ಎದೆಯ ಬಳಿ ಒಂದು ಜುಮಾರ್ ಹಾರ್ನೆಸ್‌ಗೆ ಬಿಗಿದಿರುತ್ತದೆ; ಇನ್ನೊಂದು ಕೈಯಲ್ಲಿರುತ್ತದೆ, ಅದರಿಂದ ಪಾದಕ್ಕೆ ಒಂದು ಕುಣಿಕೆ ಇಳಿದಿರುತ್ತದೆ. ಎರಡಕ್ಕೂ ಒಂದೇ ಗುಣ: ಹಗ್ಗದ ಮೇಲೆ ಮೇಲ್ಮುಖವಾಗಿ ಜಾರುತ್ತವೆ, ಕೆಳಕ್ಕೆ ಕಚ್ಚುತ್ತವೆ. ಎದೆಯ ಜುಮಾರಿನಲ್ಲಿ ಕುಳಿತು, ಕೈಯದನ್ನು ಮೇಲೆ ತಳ್ಳಿ, ಮಡಿಸಿದ ಕಾಲುಗಳಿಂದ ಕುಣಿಕೆಯನ್ನು ಮೆಟ್ಟಿ ಎದ್ದು ನಿಂತರೆ ಎದೆಯ ಜುಮಾರ್ ತಾನಾಗಿ ಮೇಲೆ ಸರಿದು ಅಲ್ಲಿ ಕಚ್ಚುತ್ತದೆ, ಮತ್ತೆ ಕೂರುವುದು. ನೋಡಲು ಕಪ್ಪೆ ಈಜಿದಂತಿರುವುದರಿಂದ ಪಶ್ಚಿಮದವರು ಇದಕ್ಕೆ ಕಪ್ಪೆಯ ಹೆಸರನ್ನೇ ಇಟ್ಟಿದ್ದಾರೆ. ನನಗೆ ಕೊನೆಗಾರರೇ ಹತ್ತಿರದ ಹೋಲಿಕೆ ಅನ್ನಿಸುತ್ತದೆ, ಏಕೆಂದರೆ ಕಸುಬಿನ ಗುಟ್ಟು ಇಬ್ಬರಿಗೂ ಒಂದೇ: ತೋಳಿನಿಂದ ಮೈಯನ್ನು ಎಳೆದುಕೊಳ್ಳಬಾರದು, ತೊಡೆಯಿಂದ ತಳ್ಳಬೇಕು. ತೋಳನ್ನು ನಂಬಿದವನು ಇಪ್ಪತ್ತು ಮೀಟರಿನಲ್ಲೇ ಸೋಲುತ್ತಾನೆ. ಒಂದು ಸಲ ಎದ್ದು ಕೂತರೆ ಮೂವತ್ತರಿಂದ ನಲವತ್ತು ಸೆಂಟಿಮೀಟರ್ ಗಳಿಕೆ. ಗೊಲೊಂಡ್ರಿನಾಸ್‌ನಂಥ ಬಾವಿಯನ್ನು ಹತ್ತಿ ಹೊರಬರಲು, ಗಾಳಿಯಲ್ಲಿ ತೂಗುತ್ತಾ ಹೆಚ್ಚುಕಡಿಮೆ ಸಾವಿರ ಬಸ್ಕಿ ಹೊಡೆಯಬೇಕು. ಅಲ್ಲಿ ಇನ್ನೊಂದು ತಮಾಷೆಯೂ ಇದೆ. ಶೇಕಡ 2ರಷ್ಟು ಮಾತ್ರ ಹಿಗ್ಗುವ ಹಗ್ಗವಾದರೂ 300 ಮೀಟರಿಗೆ ಹಿಗ್ಗುವುದು 6 ಮೀಟರ್. ತಳದಲ್ಲಿ ನಿಂತವನು ಹತ್ತುತ್ತಲೇ ಇರುತ್ತಾನೆ, ಪಾದ ಮಾತ್ರ ನೆಲ ಬಿಡುವುದಿಲ್ಲ.

ಇನ್ನು ಹಗ್ಗವನ್ನು ಕಟ್ಟುವ ಕೆಲಸ. ತಂಡದಲ್ಲಿ ಅತ್ಯಂತ ಅನುಭವಿಗೆ ಒಪ್ಪಿಸುವ ಕೆಲಸ ಇದೇ, ಏಕೆಂದರೆ ಹಗ್ಗ ಎಲ್ಲಿ ಕಲ್ಲಿಗೆ ತಾಗೀತು ಎಂಬುದನ್ನು ಯಾರೂ ಇಳಿಯುವ ಮೊದಲೇ ಅವನು ಊಹಿಸಬೇಕು. ಬಾಯಂಚಿನ ಬಂಡೆಗೆ ಹಗ್ಗ ಸುತ್ತಿ ಕೆಳಕ್ಕೆ ಬಿಟ್ಟರೆ ಮೊದಲ ಅಂಚಿನಲ್ಲೇ ಅದು ಉಜ್ಜುತ್ತದೆ. ಹಾಗಾಗಿ ಅಂಚಿನಾಚೆಗೆ, ಬಾವಿಯ ಗೋಡೆಯಲ್ಲೇ ರಂಧ್ರ ಕೊರೆದು ಬೋಲ್ಟ್ ಬಿಗಿದು, ಹಗ್ಗ ಅಲ್ಲಿಂದ ಗಾಳಿಯಲ್ಲಿ ನೇರ ಇಳಿಯುವಂತೆ ಮಾಡುತ್ತಾರೆ. ಒಂದೇ ಬೋಲ್ಟನ್ನು ನಂಬುವಂತಿಲ್ಲ. ಎರಡು ಬೋಲ್ಟುಗಳಿಂದ ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಹಗ್ಗದ ಎರಡು ಕವಲು ಬಂದು ಗಂಟಿನಲ್ಲಿ ಕೂಡುತ್ತವೆ. ಒಂದು ಕಿತ್ತರೆ ಇನ್ನೊಂದು ಹಿಡಿಯುತ್ತದೆ, ಜೊತೆಗೆ ಕವಲುಗಳ ಉದ್ದವನ್ನು ಹೆಚ್ಚುಕಡಿಮೆ ಮಾಡಿ ಹಗ್ಗವನ್ನು ಎಡಕ್ಕೋ ಬಲಕ್ಕೋ ಸರಿಸಬಹುದು. ಆದರೆ ಕವಲುಗಳ ನಡುವಿನ ಕೋನ ಹಿಗ್ಗಬಾರದು. ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿಯನ್ನು ಬಿಗಿಯಾಗಿ ಎಳೆದು ಕಟ್ಟಿದಷ್ಟೂ, ಒಂದು ಒದ್ದೆ ಕಂಬಳಿಯ ಭಾರಕ್ಕೇ ಗೋಡೆಯ ಮೊಳೆ ಕಿತ್ತು ಬರುವುದನ್ನು ನೋಡಿರುತ್ತೀರಿ. ಇಲ್ಲಿನ ಲೆಕ್ಕವೂ ಅದೇ: ಕೋನ 60 ಡಿಗ್ರಿ ಇದ್ದರೆ ಪ್ರತಿ ಬೋಲ್ಟಿನ ಮೇಲೆ ಭಾರದ ಶೇಕಡ 58, 90 ಡಿಗ್ರಿಗೆ ಶೇಕಡ 71, 120 ಡಿಗ್ರಿಗೆ ಪೂರ್ತಿ ಭಾರ. ಅಲ್ಲಿಂದಾಚೆಗೆ ಎರಡು ಬೋಲ್ಟ್ ಹಾಕಿದ್ದರಿಂದ ಪ್ರತಿಯೊಂದಕ್ಕೂ ಹೊರೆ ಹೆಚ್ಚುತ್ತದೆಯೇ ಹೊರತು ಹಂಚಿಕೆಯಾಗುವುದಿಲ್ಲ.

ಗೋಡೆ ನೇರವಾಗಿರದೆ ನಡುವೆ ಎಲ್ಲೋ ಉಬ್ಬಿದ್ದರೆ ಅಲ್ಲಿ ಹಗ್ಗ ಮತ್ತೆ ತಾಗುತ್ತದೆ. ಆಗ ಉಬ್ಬಿನ ಬಳಿ ಇನ್ನೊಂದು ಬೋಲ್ಟ್ ಬಿಗಿದು, ಹಗ್ಗವನ್ನು ಅಲ್ಲಿ ಮತ್ತೊಮ್ಮೆ ಕಟ್ಟಿ, ಹೊಸದಾಗಿ ಇಳಿಬಿಡುತ್ತಾರೆ. ಇದಕ್ಕೆ ರೀಬಿಲೇ ಎನ್ನುತ್ತಾರೆ. ನೂರು ಮೀಟರಿನ ಬಾವಿ ಹೀಗೆ ನಾಲ್ಕೈದು ತುಂಡು ಬಾವಿಗಳಾಗುತ್ತದೆ. ಹಗ್ಗ ಉಜ್ಜದಿರುವುದು ಮೊದಲ ಲಾಭ. ಪ್ರತಿ ತುಂಡಿನ ಮೇಲೂ ಒಬ್ಬೊಬ್ಬರು ಏಕಕಾಲಕ್ಕೆ ಹತ್ತಬಹುದು ಎಂಬುದು ಎರಡನೆಯದು, ಹತ್ತು ಜನರ ತಂಡಕ್ಕೆ ಇದರಿಂದ ಉಳಿಯುವ ಸಮಯ ಗಂಟೆಗಟ್ಟಲೆ. ಸ್ವಲ್ಪವೇ ಸರಿಸಿದರೆ ಸಾಕೆನ್ನುವ ಕಡೆ ಗೋಡೆಯಿಂದ ಒಂದು ಸಣ್ಣ ಕುಣಿಕೆ ಬಿಟ್ಟು, ಅದರ ತುದಿಯ ಕ್ಯಾರಬೀನರ್ ಎಂಬ ಲೋಹದ ಕೊಂಡಿಯೊಳಗೆ ಹಗ್ಗವನ್ನು ತೂರಿಸಿ ಓರೆಗೆ ಎಳೆದುಕೊಳ್ಳುವುದೂ ಉಂಟು. ಏನೂ ಸಾಧ್ಯವಾಗದ ಅಂಚಿನಲ್ಲಿ ದಪ್ಪ ಬಟ್ಟೆಯನ್ನೋ ಹಗ್ಗದ ಚೀಲವನ್ನೋ ಹಾಸುತ್ತಾರೆ. ನಮ್ಮಲ್ಲಾದರೆ ಗೋಣಿತಾಟು ಹಾಸುತ್ತಿದ್ದೆವು. ಅಮೆರಿಕದ ಹಲವು ಅನ್ವೇಷಕರದು ಬೇರೆ ಪಂಥ: ನಡುವೆ ಎಲ್ಲೂ ಕಟ್ಟದೆ, ಸವೆತ ತಡೆಯುವ ದಪ್ಪ ಹಗ್ಗ ಹೊತ್ತು ತಂದು, ಅಂಚಿಗೆ ಹಾಸು ಹಾಕಿ ಇಳಿದುಬಿಡುತ್ತಾರೆ. ತೆರೆದ ದೊಡ್ಡ ಬಾವಿಗೆ ಅದು ಸರಿಹೋಗುತ್ತದೆ. ಸಾವಿರ ಮೀಟರ್ ಆಳಕ್ಕೆ ಇಕ್ಕಟ್ಟಿನ ಓಣಿಗಳಲ್ಲಿ ಅಷ್ಟು ಭಾರದ ಹಗ್ಗ ಎಳೆದುಕೊಂಡು ಹೋಗಬೇಕಾದವರಿಗೆ ತೆಳು ಹಗ್ಗ ಮತ್ತು ಜಾಣ ಕಟ್ಟುವಿಕೆಯೇ ಗತಿ.

ರೀಬಿಲೇಯ ಬೆಲೆ ಎಂದರೆ ಅಲ್ಲಿ ಹಗ್ಗ ಬದಲಿಸಬೇಕು. ಇಳಿಯುವವನು ಬೋಲ್ಟಿನ ಬಳಿ ಬಂದಾಗ ಹಾರ್ನೆಸ್‌ನಿಂದ ಹೊರಟ ಗಿಡ್ಡ ಹಗ್ಗವೊಂದರ ಕೊಂಡಿಯನ್ನು ಬೋಲ್ಟಿಗೆ ಸಿಕ್ಕಿಸಿ ಅದರ ಮೇಲೆ ತೂಗಿ, ಡಿಸೆಂಡರನ್ನು ಮೇಲಿನ ಹಗ್ಗದಿಂದ ತೆಗೆದು ಕೆಳಗಿನ ಹಗ್ಗಕ್ಕೆ ಹಾಕಿ, ಅದು ಹಿಡಿಯುತ್ತದೆಂದು ಪರೀಕ್ಷಿಸಿದ ಮೇಲಷ್ಟೇ ಕೊಂಡಿ ಬಿಡಿಸುತ್ತಾನೆ. ಕಾಲ ಕೆಳಗೆ ಎಂಬತ್ತು ಮೀಟರ್ ಕತ್ತಲು, ತಲೆಯ ದೀಪದ ಬೆಳಕು, ಕೆಸರು ಮೆತ್ತಿದ ಕೈಗವಸು, ಕಿವಿಗಡಚಿಕ್ಕುವ ನೀರಿನ ಸದ್ದು. ಇವುಗಳ ನಡುವೆ ಆ ಕ್ರಮದಲ್ಲಿ ಒಂದು ಹೆಜ್ಜೆ ಹಿಂದುಮುಂದಾದರೂ ಆಪತ್ತು. ಹಗ್ಗ ತೆರವಾಯಿತು, ಮುಂದಿನವರು ಬರಬಹುದು ಎಂದು ಮೇಲಿನವರಿಗೆ ತಿಳಿಸುವ ಕೂಗೂ ಮೊದಲೇ ಗೊತ್ತುಮಾಡಿಕೊಂಡದ್ದಾಗಿರಬೇಕು. ಬಾವಿಯ ಪ್ರತಿಧ್ವನಿಯಲ್ಲಿ ವಾಕ್ಯಗಳು ಕಲಸಿಹೋಗುತ್ತವೆ.

ಆ ಗಿಡ್ಡ ಹಗ್ಗದ ಜಾತಿಯೇ ಬೇರೆ ಎಂಬುದನ್ನು ಗಮನಿಸಬೇಕು. ಇಳಿದು ಹತ್ತುವ ಮುಖ್ಯ ಹಗ್ಗ ಕಡಿಮೆ ಹಿಗ್ಗುವಂಥದ್ದು. ಒಳಗೆ ಭಾರ ಹೊರುವ ನೈಲಾನ್ ಎಳೆಗಳ ತಿರುಳು, ಹೊರಗೆ ಅದನ್ನು ಕಾಯುವ ಹೆಣಿಗೆಯ ಹೊದಿಕೆ. ಕತ್ತಾಳೆಯ ಅಥವಾ ತೆಂಗಿನ ನಾರಿನ ಹಗ್ಗದಂತೆ ಇದು ತೇವಕ್ಕೆ ಕೊಳೆಯುವುದಿಲ್ಲ. ಹೆಚ್ಚು ಹಿಗ್ಗಿದರೆ ಹತ್ತುವಾಗ ಮೈ ಕುಪ್ಪಳಿಸಿ ಶ್ರಮವೂ ಉಜ್ಜುವಿಕೆಯೂ ಹೆಚ್ಚುವುದರಿಂದ ಕಡಿಮೆ ಹಿಗ್ಗುವುದೇ ಇದರ ಗುಣ. ಬಿದ್ದಾಗ ಅದೇ ಇದರ ದೋಷ. ಗೂಟಕ್ಕೆ ಕಟ್ಟಿದ ಕರು ದಿನವಿಡೀ ಹಗ್ಗಕ್ಕೆ ಜಗ್ಗಿ ನಿಂತರೂ ಗೂಟ ಅಲುಗುವುದಿಲ್ಲ, ಓಡಿ ಬಂದು ಹಗ್ಗದ ಕೊನೆಯಲ್ಲಿ ಒಮ್ಮೆ ಹಿಡಿದೆಳೆದಂತಾದರೆ ಗೂಟವೇ ಕಿತ್ತು ಬರುತ್ತದೆ. ಬಿದ್ದ ದೂರವನ್ನು, ತಡೆದ ಹಗ್ಗದ ಉದ್ದದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಆ ಹೊಡೆತದ ಅಳತೆ. ಎರಡು ಮೀಟರ್ ಹಗ್ಗದ ಮೇಲೆ ಎರಡು ಮೀಟರ್ ಬೀಳುವುದು, ಐವತ್ತು ಮೀಟರ್ ಹಗ್ಗದ ಮೇಲೆ ಅಷ್ಟೇ ಬೀಳುವುದಕ್ಕಿಂತ ಎಷ್ಟೋ ಪಾಲು ಕ್ರೂರ, ಏಕೆಂದರೆ ಹೊಡೆತವನ್ನು ಹೀರಿಕೊಳ್ಳಲು ಹಗ್ಗವೇ ಸಾಲದು. ಬೋಲ್ಟಿಗೆ ಸಿಕ್ಕಿಸುವ ಗಿಡ್ಡ ಹಗ್ಗಕ್ಕೆ ಈ ಸಂಕಟ ಸದಾ ಇರುವುದರಿಂದ, ಅದನ್ನು ಬಂಡೆ ಹತ್ತುವವರು ಬಳಸುವ ಹಿಗ್ಗುವ ಹಗ್ಗದಿಂದಲೇ ಮಾಡಿಕೊಳ್ಳುತ್ತಾರೆ.

ಹಗ್ಗದ ಆಚೆಗಿನ ಅಪಾಯಗಳಲ್ಲಿ ನೀರು ಮುಖ್ಯ. ಮೇಲೆಲ್ಲೋ ಸುರಿದ ಮಳೆಗೆ ನಮ್ಮ ಹಳ್ಳಗಳು ಬಿಸಿಲಿದ್ದಾಗಲೇ ಕೆಂಪಾಗಿ ಉಕ್ಕುವುದನ್ನು ಮುಂಗಾರಿನಲ್ಲಿ ಕಂಡಿದ್ದೇವೆ. ಗುಹೆಯೊಳಗಿದ್ದವನಿಗೆ ಆಕಾಶವೂ ಕಾಣುವುದಿಲ್ಲ. 2018ರ ಸೆಪ್ಟೆಂಬರಿನಲ್ಲಿ ವೆರ್ಯೋವ್ಕಿನಾದ ತಳದ ಬಳಿ ಬೀಡುಬಿಟ್ಟಿದ್ದ ತಂಡ, ನೀರು ಏರತೊಡಗಿದಾಗ ಸಾಮಾನುಗಳನ್ನು ಬಿಟ್ಟು ಹಗ್ಗ ಹತ್ತಿ ಪಾರಾಯಿತು. ಕಟ್ಟುವವನು ಹಗ್ಗವನ್ನು ನೀರು ಬೀಳುವ ಗೆರೆಯಿಂದ ದೂರ ಇಡುವುದು ಇದಕ್ಕೇ. ಗಾಳಿಯೂ ಕೈಕೊಡಬಹುದು. ಬಾವಿಗಿಳಿಯುವ ಮುನ್ನ ಉರಿವ ದೀಪ ಇಳಿಬಿಟ್ಟು ನೋಡುವ ಹಿರಿಯರ ರೂಢಿ ಒಳ್ಳೆಯದೇ, ಆದರೆ ದೀಪ ಆರುವ ಮುಂಚೆಯೇ ಇಂಗಾಲದ ಡೈಆಕ್ಸೈಡ್ ಮನುಷ್ಯನನ್ನು ಕಂಗೆಡಿಸಬಲ್ಲದು. ಅದಕ್ಕೆ ಅನಿಲಮಾಪಕವೇ ಬೇಕು. ಇನ್ನೊಂದು ಅಪಾಯ ಹೊರಗಿನವರಿಗೆ ಹೊಳೆಯದಂಥದ್ದು: ದಣಿದೋ ಪ್ರಜ್ಞೆ ತಪ್ಪಿಯೋ ಹಾರ್ನೆಸ್‌ನಲ್ಲಿ ಅಲುಗಾಡದೆ ತೂಗುತ್ತಿರುವವನ ಕಾಲುಗಳಲ್ಲಿ ರಕ್ತ ತಂಗಿ, ಗಾಯವೇ ಇಲ್ಲದೆ ಜೀವಕ್ಕೆ ಕುತ್ತು ಬರಬಹುದು. ಆದ್ದರಿಂದ ಹಗ್ಗದಲ್ಲಿ ಸಿಕ್ಕಿಬಿದ್ದವನನ್ನು ಕೆಳಗಿಳಿಸುವ ಕಲೆ ತಂಡದ ಪ್ರತಿಯೊಬ್ಬರಿಗೂ ಬರಬೇಕು. ಹೊರಗಿನ ನೆರವು ಬರುವವರೆಗೆ ಕಾಯುವಷ್ಟು ಹೊತ್ತು ಇರುವುದಿಲ್ಲ. ಆ ನೆರವು ಎಷ್ಟು ನಿಧಾನ ಎಂಬುದನ್ನು 2014ರ ಜರ್ಮನಿಯ ರೀಸೆಂಡಿಂಗ್ ಗುಹೆಯ ಘಟನೆ ತೋರಿಸಿತು. ಸುಮಾರು ಸಾವಿರ ಮೀಟರ್ ಆಳದಲ್ಲಿ, ಹೆಲ್ಮೆಟ್ ಧರಿಸಿದ್ದ ಅನುಭವಿಯೊಬ್ಬರ ತಲೆಗೆ ಕಲ್ಲು ಬಿದ್ದು ತೀವ್ರ ಗಾಯವಾಯಿತು. ಸ್ಟ್ರೆಚರಿನಲ್ಲಿ ಮಲಗಿಸಿ, ಹಗ್ಗದಿಂದ ಹಗ್ಗಕ್ಕೆ ದಾಟಿಸುತ್ತಾ ಅವರನ್ನು ಹೊರತರಲು 11 ದಿನ ಹಿಡಿಯಿತು. ಹಲವು ದೇಶಗಳ 700ಕ್ಕೂ ಹೆಚ್ಚು ಜನ ಕೈಜೋಡಿಸಿದ್ದರು.

ಇದನ್ನೆಲ್ಲ ಕಲಿಯಲು ಗುಹೆ ಬೇಕಾಗಿಲ್ಲ, ಮೊದಲ ದಿನಗಳಲ್ಲಂತೂ ಇರಲೇಬಾರದು. ಬಲ್ಲವರೊಬ್ಬರು ಜೊತೆಗಿದ್ದರೆ ತೋಟದ ಗಟ್ಟಿ ಹಲಸಿನ ಮರವೊಂದು, ಹತ್ತು ಮೀಟರ್ ಹಗ್ಗ ಸಾಕು. ಹತ್ತಿ ಇಳಿಯುವುದು ಒಂದೇ ಬೆಳಿಗ್ಗೆಯಲ್ಲಿ ಬರುತ್ತದೆ. ತಿಂಗಳುಗಟ್ಟಲೆ ಹಿಡಿಯುವುದು ಮಿಕ್ಕದ್ದು: ಅರ್ಧ ದಾರಿಯಲ್ಲಿ ತೂಗುತ್ತ ಡಿಸೆಂಡರಿನಿಂದ ಜುಮಾರಿಗೆ, ಜುಮಾರಿನಿಂದ ಡಿಸೆಂಡರಿಗೆ ಬದಲಾಗುವುದು, ನಡುವೆ ಕಟ್ಟಿದ ರೀಬಿಲೇಯನ್ನು ಎರಡೂ ದಿಕ್ಕಿನಲ್ಲಿ ದಾಟುವುದು, ಯಾವ ಕ್ಷಣದಲ್ಲೂ ಎರಡು ಕಡೆ ಸಿಕ್ಕಿಸಿಕೊಂಡಿರುವುದು. ನೆಲದಿಂದ ಎರಡಾಳೆತ್ತರದಲ್ಲಿ, ಹಗಲಿನಲ್ಲಿ ಇದೆಲ್ಲ ಸಲೀಸಾದ ಮೇಲೆ ಕಲಿಸುವವರು ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ, ಕೈಗವಸನ್ನು ಕೆಸರಿನಲ್ಲಿ ಅದ್ದಿ ಕೊಡುತ್ತಾರೆ, ಮತ್ತೆ ಮೊದಲಿನಿಂದ ಮಾಡಿ ಎನ್ನುತ್ತಾರೆ.